ಯಾರ ಮಾತಿಗೆ ಕಿವಿಗೊಡಬೇಕು?



ಯಾದಗಿರಿ, ಶಹಾಪುರ, ಸುರಪುರದ ಕಡೆ ನಮ್ಮ ಕಥೋಲಿಕ ಮನೆಗಳು ಹೆಚ್ಚಿಲ್ಲ. ನೆಂಟರಿಷ್ಟರಲ್ಲಿ ಮೆಥೋಡಿಸ್ಟ್ ಸಭೆಯವರಿದ್ದಾರೆ. ಕೂಲಿಗಾಗಿ ಬೆಂಗಳೂರು, ಹೈದರಾಬಾದ್, ಮುಂಬಯಿಗೆ ಹೋದ ಮಕ್ಕಳು ಅಲ್ಲಿನ ಪ್ರಾರ್ಥನಾ ಕೂಟಗಳಲ್ಲಿ ಕುಳಿತು ಬಂದಿದ್ದಾರೆ. ಅವರು ಊರಿಗೆ ಬಂದಾಗ ಮೊದಲು ಕೇಳುವ ಮಾತು ನಿಮಗೆ ಗೊತ್ತಿರುವುದೇ: ‘ಜಪಸರ ಮಾಡೂದು ಬೈಬಲ್‌ನಾಗ ಎಲ್ಲದ, ತೋರಸ್ರಿ!’ ಹಿರಿಯರು ಉತ್ತರ ಸಿಗದೆ ಸುಮ್ಮನಾಗುತ್ತಾರೆ, ಇಲ್ಲವೇ ಸಿಟ್ಟಾಗುತ್ತಾರೆ. ಆದರೆ ಪ್ರಶ್ನೆ ಕೆಟ್ಟದ್ದಲ್ಲ. ದೇವರ ಹೆಸರಿನಲ್ಲಿ ನಮಗೆ ಹೇಳುವ ಅಧಿಕಾರ ಯಾರಿಗಿದೆ ಎಂಬುದು ಪ್ರತಿಯೊಬ್ಬ ಕ್ರೈಸ್ತನೂ ಒಂದು ದಿನ ಕೇಳಲೇಬೇಕಾದ ಪ್ರಶ್ನೆ.

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ತಾಯಿಗೆ ಕ್ಷಯ. ಸರಕಾರಿ ಆಸ್ಪತ್ರೆಯಿಂದ ಮಾತ್ರೆ ಪುಕ್ಕಟೆ ಸಿಗುತ್ತಿದೆ, ಎರಡು ತಿಂಗಳು ನುಂಗಿದ್ದಾಳೆ, ಕೆಮ್ಮು ಕಡಿಮೆಯಾಗಿದೆ. ನಗರದಿಂದ ಬಂದ ಮಗ ಹೇಳುತ್ತಾನೆ: ‘ನಮ್ಮ ಪಾಸ್ಟರ್ ಸಂಗಡ ದೇವರು ಮಾತಾಡ್ಯಾನ. ಮಾತ್ರಿ ಬಿಡು ಅವ್ವಾ, ವಿಶ್ವಾಸ ಇಡು. ಭೀಮಾ ನದ್ಯಾಗ ಇನ್ನೊಮ್ಮೆ ದೀಕ್ಷಾಸ್ನಾನ ತಗೊ.’ ಸೊಸೆ ಫಾದರನ್ನು ಕೇಳೋಣ ಎನ್ನುತ್ತಾಳೆ. ‘ಅವರೂ ಮನುಷ್ಯರೇ ಅಲ್ಲವೇ?’ ಎಂದು ಮಗ ಕೇಳುತ್ತಾನೆ. ಆ ತಾಯಿ ಯಾರ ಮಾತು ಕೇಳಬೇಕು? ಇಂಥ ಮನೆಗಳಲ್ಲಿ ನಮ್ಮ ಪ್ರಶ್ನೆ ಪಂಡಿತರ ಚರ್ಚೆಯಾಗಿ ಉಳಿಯುವುದಿಲ್ಲ.

ಮೂಲದಿಂದ ಹೊರಡೋಣ. ಪುನರುತ್ಥಾನರಾದ ಪ್ರಭು ಗಲಿಲೇಯದ ಬೆಟ್ಟದ ಮೇಲೆ ಶಿಷ್ಯರಿಗೆ ಹೇಳಿದ್ದನ್ನು ಮತ್ತಾಯನ ಶುಭಸಂದೇಶದ ಕೊನೆಯಲ್ಲಿ ಓದುತ್ತೇವೆ: ಎಲ್ಲ ಅಧಿಕಾರವೂ ಅವರಿಗೇ ಸೇರಿದ್ದು. ಆದುದರಿಂದ ಧರ್ಮಸಭೆಯಲ್ಲಿ ಯಾರಿಗೂ, ಜಗದ್ಗುರುಗಳಿಗೂ ಸಹ, ಸ್ವಂತ ಅಧಿಕಾರವೆಂಬುದಿಲ್ಲ. ಇರುವುದು ಕ್ರಿಸ್ತರದೇ ಅಧಿಕಾರ. ಅದು ನಮ್ಮವರೆಗೆ ಹೇಗೆ ತಲುಪುತ್ತದೆ? ಪ್ರಭು ತಮ್ಮ ಕೈಯಾರೆ ಯಾವ ಪುಸ್ತಕವನ್ನೂ ಬರೆಯಲಿಲ್ಲ. ಒಮ್ಮೆ ನೆಲದ ಮೇಲೆ ಬೆರಳಿನಿಂದ ಬರೆದರು, ಏನು ಬರೆದರೆಂಬುದನ್ನು ಯೊವಾನ್ನನು ತಿಳಿಸಿಲ್ಲ. ಅವರು ಮಾಡಿದ್ದು ಹನ್ನೆರಡು ಮಂದಿಯನ್ನು ಆರಿಸಿ, ಸಂಗಡ ಇರಿಸಿಕೊಂಡು, ಬೋಧಿಸಲು ಕಳುಹಿಸಿದ್ದು. ಅವರು ಸಾರಿದ್ದು ಮೊದಲು ಬಾಯಿಂದ ಬಾಯಿಗೆ ಹೋಯಿತು. ಆಮೇಲೆ ಪವಿತ್ರಾತ್ಮರ ಪ್ರೇರಣೆಯಿಂದ ಬರಹವಾಯಿತು. ಥೆಸಲೋನಿಯರಿಗೆ ಬರೆದ ಎರಡನೆಯ ಪತ್ರದ ಎರಡನೇ ಅಧ್ಯಾಯದಲ್ಲಿ ಪೌಲನು, ಬಾಯಿಮಾತಿನಿಂದ ಕಲಿತದ್ದನ್ನೂ ಪತ್ರದಿಂದ ಕಲಿತದ್ದನ್ನೂ ಎರಡನ್ನೂ ಬಿಗಿಹಿಡಿಯಿರಿ ಎಂದು ಕೇಳಿಕೊಳ್ಳುವುದು ಇದಕ್ಕಾಗಿಯೇ.

ನಮ್ಮ ಕಡೆಯ ಒಂದು ಹೋಲಿಕೆ ಕೊಡಬಹುದು. ನಾರಾಯಣಪುರದ ಕಾಲುವೆ ನೀರು ಬಂದ ಮೇಲೆ ಶಹಾಪುರ, ಸುರಪುರದ ಹೊಲಗಳಿಗೆ ಬೆಲೆ ಬಂತು, ಬದುವಿನ ಜಗಳವೂ ಹೆಚ್ಚಿತು. ಜಗಳ ತೀರಬೇಕಾದರೆ ಏನು ಬೇಕು? ಕಾಗದ ಬೇಕು: ಪಹಣಿ, ನಕಾಶೆ. ಬಾಂದುಕಲ್ಲು ಎಲ್ಲಿತ್ತು, ಯಾವ ಮರದ ಕಡೆಯಿಂದ ಗೆರೆ ಹೋಗುತ್ತಿತ್ತು ಎಂಬ ಹಿರಿಯರ ನೆನಪು ಬೇಕು. ಅಳೆದು ಹೇಳುವ ಸರ್ವೇಯರೂ ಬೇಕು. ಕಾಗದವೊಂದನ್ನೇ ಹಿಡಿದವನು ಅದನ್ನು ತನಗೆ ಬೇಕಾದ ಹಾಗೆ ಓದುತ್ತಾನೆ. ಬರೀ ನೆನಪು ಕಾಲಕಾಲಕ್ಕೆ ಒಂದೊಂದು ಮೊಳ ಸರಿಯುತ್ತದೆ. ಸರ್ವೇಯರನಾದರೋ ಅಳೆಯಬಹುದೇ ಹೊರತು ತಾನೇ ಹೊಸ ಪಹಣಿ ಬರೆದುಕೊಂಡು ಬರುವಂತಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ ದೈವ ಪ್ರಕಟಣೆಯನ್ನು ಕುರಿತು 1965ರ ನವೆಂಬರ್ 18ರಂದು ಹೊರಡಿಸಿದ ದಾಖಲೆಯಲ್ಲಿ ಹೆಚ್ಚುಕಡಿಮೆ ಇದನ್ನೇ ಬೋಧಿಸಿದೆ. ಪವಿತ್ರ ಗ್ರಂಥ, ಪವಿತ್ರ ಪರಂಪರೆ, ಧರ್ಮಸಭೆಯ ಬೋಧನಾಧಿಕಾರ ಈ ಮೂರೂ ಒಂದನ್ನೊಂದು ಬಿಟ್ಟು ನಿಲ್ಲಲಾರವು. ಬೋಧನಾಧಿಕಾರ ದೇವರ ವಾಕ್ಯಕ್ಕಿಂತ ಮೇಲಿನದಲ್ಲ, ಅದರ ಸೇವಕ ಎಂದೂ ಹತ್ತನೇ ಪರಿಚ್ಛೇದ ಸ್ಪಷ್ಟವಾಗಿ ತಿಳಿಸುತ್ತದೆ. ಈ ಕೊನೆಯ ಮಾತನ್ನು ನಮ್ಮ ಧರ್ಮಕೇಂದ್ರಗಳಲ್ಲಿ ಇನ್ನಷ್ಟು ಹೇಳಬೇಕಿತ್ತೆಂದು ನನ್ನ ಅಭಿಪ್ರಾಯ.

‘ಪರಂಪರೆ’ ಎಂದೊಡನೆ ಅನೇಕರಿಗೆ ಮನುಷ್ಯರು ಸೇರಿಸಿದ ಆಚಾರಗಳೆಂಬ ಭಾವನೆ ಬರುತ್ತದೆ. ಕೃಷ್ಣೆಯ ಆಚೆ ಮುದಗಲ್ ಇದೆ. ಮುದಗಲ್ಲೆಂದರೆ ಜನಕ್ಕೆ ಕೋಟೆ, ಮೊಹರಂ ನೆನಪಾಗುತ್ತವೆ. ಆದರೆ ಬಿಜಾಪುರದ ಆದಿಲ್‌ಶಾಹಿಗಳ ಕಾಲದಷ್ಟು ಹಳೆಯ ಕಥೋಲಿಕ ಸಮುದಾಯವೂ ಅಲ್ಲಿದೆ. ಈಗ ಲೆಕ್ಕ ಹಾಕಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರೂ ಸಂಗಡಿಗರೂ ದುಡಿದು ಇಡೀ ಬೈಬಲ್ಲನ್ನು ಕನ್ನಡದಲ್ಲಿ ಅಚ್ಚಿಗೆ ತಂದದ್ದು 1831ರ ಹೊತ್ತಿಗೆ. ಆ ಪ್ರೊಟೆಸ್ಟಂಟ್ ಸಹೋದರರ ಋಣ ಕನ್ನಡ ಕ್ರೈಸ್ತರೆಲ್ಲರ ಮೇಲೂ ಇದೆ, ನಾವು ಅದನ್ನು ಮರೆಯಬಾರದು. ಆದರೆ ಅದಕ್ಕೆ ಮುಂಚೆ ತಲೆತಲಾಂತರ, ಅಚ್ಚಾದ ಕನ್ನಡ ಬೈಬಲ್ ಕೈಯಲ್ಲಿಲ್ಲದೆ, ಓದು ಬಾರದ ಜನ ಕ್ರೈಸ್ತರಾಗಿ ಉಳಿದದ್ದು ಹೇಗೆ? ಮಗು ಹುಟ್ಟಿದಾಗ ತಂದೆ, ಸುತ, ಪವಿತ್ರಾತ್ಮರ ನಾಮದಲ್ಲಿ ದೀಕ್ಷಾಸ್ನಾನ, ಬಲಿಪೂಜೆ, ಅಜ್ಜಿ ಮೊಮ್ಮಗುವಿನ ಕೈಹಿಡಿದು ಕಲಿಸುವ ಶಿಲುಬೆಯ ಗುರುತು, ಪ್ರೇಷಿತರ ವಿಶ್ವಾಸ ಪ್ರಮಾಣ, ಪ್ರಭು ಕಲಿಸಿದ ಪ್ರಾರ್ಥನೆ. ನಾವು ಪರಂಪರೆ ಎನ್ನುವುದು ಈ ಹಸ್ತಾಂತರವನ್ನು. ಜಪಸರ ಎಂಬ ಶಬ್ದ ಬೈಬಲಿನಲ್ಲಿಲ್ಲ, ನಿಜ. ಅದರಲ್ಲಿ ನಾವು ಧ್ಯಾನಿಸುವ ಪ್ರಭುವಿನ ಜನನ, ಪಾಡು, ಪುನರುತ್ಥಾನ ಬೈಬಲಿನವೇ. ಹಾಗೆಂದು ಜಪಸರವನ್ನು ಬಲಿಪೂಜೆಯ ಸಮಕ್ಕೆ ಇಡುವವರೂ ನಮ್ಮಲ್ಲಿದ್ದಾರೆ. ಅದೂ ತಪ್ಪು.

ಇನ್ನೊಂದು ವಿಷಯ. ಬೈಬಲಿನಲ್ಲಿ ಯಾವ ಯಾವ ಗ್ರಂಥಗಳಿರಬೇಕೆಂದು ಬೈಬಲೇ ಎಲ್ಲಿಯೂ ಪಟ್ಟಿ ಕೊಟ್ಟಿಲ್ಲ. ಪುಟ ತೆರೆದರೆ ಸಿಗುವ ಪರಿವಿಡಿ ಮತ್ತಾಯನೋ ಪೌಲನೋ ಬರೆದದ್ದಲ್ಲ. ಯಾವುದು ಪ್ರೇಷಿತರ ವಿಶ್ವಾಸದ ಧ್ವನಿ, ಯಾವುದು ಅಲ್ಲ ಎಂದು ಆರಾಧನೆಯಲ್ಲಿ ಓದುತ್ತ ಓದುತ್ತ ಗುರುತಿಸಿದ್ದು ಧರ್ಮಸಭೆ. ಆಫ್ರಿಕದ ಹಿಪ್ಪೋದಲ್ಲಿ 393ರಲ್ಲಿ, ಕಾರ್ಥೇಜಿನಲ್ಲಿ 397ರಲ್ಲಿ ಸೇರಿದ ಧರ್ಮಾಧ್ಯಕ್ಷರ ಸಭೆಗಳು ಆ ಪಟ್ಟಿಯನ್ನು ಹೇಳಿದವು. 1546ರಲ್ಲಿ ಟ್ರೆಂಟ್ ಮಹಾಸಭೆ ಅದನ್ನೇ ಸ್ಥಿರಪಡಿಸಿತು. ಆದ್ದರಿಂದ ನಮ್ಮ ಬೈಬಲಿನಲ್ಲಿ 73 ಗ್ರಂಥಗಳು. ಮೆಥೋಡಿಸ್ಟ್ ನೆಂಟರ ಮನೆಯ ಬೈಬಲಿನಲ್ಲಿ 66. ಬೈಬಲ್ ಮಾತ್ರ ಸಾಕು ಎನ್ನುವವರು ಕೂಡ ಆ ಪುಸ್ತಕವನ್ನು ಪಡೆದದ್ದು ಯಾರದೋ ಕೈಯಿಂದಲೇ.

ಆ ಏಳು ಗ್ರಂಥಗಳಲ್ಲಿ ಸಿರಾಖನ ಗ್ರಂಥವೂ ಒಂದು. ಅದರ 38ನೇ ಅಧ್ಯಾಯವನ್ನು ಆ ಕ್ಷಯದ ತಾಯಿಯ ಮಂಚದ ಪಕ್ಕದಲ್ಲಿ ಕುಳಿತು ಓದಬೇಕು. ವೈದ್ಯನನ್ನು ಗೌರವಿಸು, ಔಷಧಿಯನ್ನು ಭೂಮಿಯಿಂದ ಹುಟ್ಟಿಸಿದವರು ದೇವರೇ, ಬುದ್ಧಿಯುಳ್ಳವನು ಅದನ್ನು ತಿರಸ್ಕರಿಸುವುದಿಲ್ಲ ಎಂಬುದು ಅಲ್ಲಿನ ಬೋಧನೆ. ಕಾಯಿಲೆ ಬಿದ್ದಾಗ ಪ್ರಾರ್ಥಿಸು ಎಂದೂ ಇದೆ, ಆಮೇಲೆ ವೈದ್ಯನಿಗೆ ಜಾಗ ಬಿಡು ಎಂದೂ ಇದೆ. ‘ಆ ಗ್ರಂಥ ನಮ್ಮ ಬೈಬಲಿನಲ್ಲಿಲ್ಲ’ ಎಂದು ಮಗ ಹೇಳಿಯಾನು. ಹಾಗಾದರೆ ತಿಮೊಥೇಯನ ಹೊಟ್ಟೆನೋವಿಗೆ ಪೌಲನು ಹೇಳಿದ ಮನೆಮದ್ದನ್ನು ಓದಲಿ. ಅದು ಇಬ್ಬರ ಬೈಬಲಿನಲ್ಲೂ ಇದೆ. ಕ್ಷಯದ ಮಾತ್ರೆಯನ್ನು ಸಾಮಾನ್ಯವಾಗಿ ಆರು ತಿಂಗಳು ಬಿಡದೆ ನುಂಗಬೇಕು. ಕೆಮ್ಮು ನಿಂತಿತೆಂದು ನಡುವೆ ಬಿಟ್ಟರೆ ರೋಗಾಣು ಮದ್ದಿಗೆ ಬಗ್ಗದಂತಾಗಬಹುದು, ಮನೆಯ ಮಕ್ಕಳಿಗೂ ಅದೇ ಅಂಟಬಹುದು. ದೇವರು ಹೇಳಿದರೆಂದು ಮಾತ್ರೆ ಬಿಡಿಸುವವರು, ಅವರು ಎಷ್ಟೇ ಚೆನ್ನಾಗಿ ಪ್ರಾರ್ಥಿಸಲಿ, ಯಾವ ಸಭೆಯವರೇ ಆಗಿರಲಿ, ಆ ಮಾತಿನಲ್ಲಿ ದೇವರ ಅಧಿಕಾರದಿಂದ ಮಾತನಾಡುತ್ತಿಲ್ಲ. ಇದನ್ನು ನೀವು ಧೈರ್ಯವಾಗಿ ಹೇಳಬಹುದು. ಮಾತ್ರೆ ನುಂಗುವಾಗ ಶಿಲುಬೆಯ ಗುರುತು ಹಾಕಿ ಪ್ರಾರ್ಥಿಸುವುದು ವಿಶ್ವಾಸದ ಕೊರತೆಯಲ್ಲ.

ಮೊದಲ ಕ್ರೈಸ್ತರ ಮನೆಗಳಲ್ಲೂ ಇಂಥ ಗೊಂದಲವಿತ್ತು. ಪ್ರೇಷಿತರ ಕಾರ್ಯಕಲಾಪಗಳು 15ನೇ ಅಧ್ಯಾಯ ನೋಡಿ. ಸುನ್ನತಿ ಮಾಡಿಸಿಕೊಳ್ಳದವರಿಗೆ ರಕ್ಷಣೆಯಿಲ್ಲ ಎಂದು ಜುದೇಯದಿಂದ ಬಂದ ಕೆಲವರು ಅಂತಿಯೋಕ್ಯದ ಸಭೆಯನ್ನು ಕಲಕಿದರು. ಅವರ ಕೈಯಲ್ಲೂ ಪವಿತ್ರ ಗ್ರಂಥವಿತ್ತು. ಸುನ್ನತಿ ಅದರಲ್ಲಿ ಬರೆದೇ ಇದೆ! ಸಭೆಯವರು ಮನೆಮನೆಗೆ ಒಂದೊಂದು ಪಂಗಡವಾಗಲಿಲ್ಲ. ಪೌಲನನ್ನೂ ಬಾರ್ನಬನನ್ನೂ ಜೆರುಸಲೇಮಿಗೆ, ಪ್ರೇಷಿತರೂ ಹಿರಿಯರೂ ಇದ್ದಲ್ಲಿಗೆ ಕಳುಹಿಸಿದರು. ಅಲ್ಲಿ ಬಹಳ ವಾದವಾಯಿತು. ಪೇತ್ರನು ಎದ್ದು ಮಾತನಾಡಿದ, ಬಾರ್ನಬ ಮತ್ತು ಪೌಲ ಅನ್ಯಜನರ ನಡುವೆ ದೇವರು ಮಾಡಿದ್ದನ್ನು ವಿವರಿಸಿದರು, ಯಕೋಬನು ಪ್ರವಾದಿ ಆಮೋಸನ ಗ್ರಂಥದಿಂದ ಆಧಾರ ತೋರಿಸಿದ. ಆಮೇಲೆ ತೀರ್ಮಾನ. ಪವಿತ್ರಾತ್ಮರಿಗೂ ತಮಗೂ ಸರಿಕಂಡದ್ದೆಂದು ಅದನ್ನು ಪತ್ರದಲ್ಲಿ ಬರೆದು, ಯೂದ ಸೀಲ ಎಂಬ ಇಬ್ಬರ ಕೈಯಲ್ಲಿ ಕಳುಹಿಸಿದರು. ಹಿಂದೆ ಬಂದು ನಿಮ್ಮನ್ನು ಕಲಕಿದವರಿಗೆ ನಾವು ಅಪ್ಪಣೆ ಕೊಟ್ಟಿರಲಿಲ್ಲ ಎಂದೂ ಆ ಪತ್ರದಲ್ಲಿತ್ತು. ನಮ್ಮ ಮನೆಗೆ ಬಂದು ಬೋಧಿಸುವವರನ್ನು ನಾವು ಕೇಳಬೇಕಾದದ್ದೂ ಅದನ್ನೇ: ನಿಮ್ಮನ್ನು ಕಳುಹಿಸಿದವರು ಯಾರು? ತಪ್ಪಿದರೆ ನಿಮ್ಮನ್ನು ತಿದ್ದುವವರು ಯಾರಿದ್ದಾರೆ?

ಈ ಪ್ರಶ್ನೆ ನಮ್ಮ ಗುರುಗಳಿಗೂ ಅನ್ವಯಿಸುತ್ತದೆ. ಸುರಪುರದ ಜನರಿಗೆ ಟೇಲರ್ ಸಾಹೇಬರ ಹೆಸರು ಗೊತ್ತು, ಅವರ ಬಂಗಲೆ ಟೇಲರ್ ಮಂಜಿಲ್ ಗೊತ್ತು. ರಾಜಾ ವೆಂಕಟಪ್ಪ ನಾಯಕರು ಬಾಲಕರಾಗಿದ್ದಾಗ, 1841ರಲ್ಲಿ ಬಂದ ಮೆಡೋಸ್ ಟೇಲರ್ ಸಂಸ್ಥಾನದ ಆಡಳಿತ ನೋಡಿಕೊಂಡರು. ರಾಜರು ಪ್ರಾಯಕ್ಕೆ ಬಂದ ಮೇಲೆ 1853ರಲ್ಲಿ ಒಪ್ಪಿಸಿ ಹೋದರು. ಮೊಹರು ಕೈಯಲ್ಲಿದ್ದರೂ ಸಂಸ್ಥಾನ ಅವರದಾಗಿರಲಿಲ್ಲ. ಹೋಲಿಕೆ ಪೂರ್ತಿ ಕೂಡುವುದಿಲ್ಲ, ನಮ್ಮ ಅರಸರು ಬಾಲಕರಲ್ಲ. ಆದರೆ ಯೆಶಾಯನ 22ನೇ ಅಧ್ಯಾಯದಲ್ಲಿ ದಾವೀದನ ಮನೆಯ ಬೀಗದ ಕೈ ಹೊತ್ತ ಎಲ್ಯಾಕೀಮನೂ, ಪ್ರಭುವಿನಿಂದ ಬೀಗದ ಕೈ ಪಡೆದ ಪೇತ್ರನೂ ಇಂಥ ಮೇಲ್ವಿಚಾರಕರೇ. ಲೆಕ್ಕ ಒಪ್ಪಿಸಬೇಕಾದವರು.

ಆದುದರಿಂದ ಗುರುಗಳು ಹೇಳಿದ್ದೆಲ್ಲ ಧರ್ಮಸಭೆಯ ಬೋಧನೆ ಎಂದು ತಿಳಿಯಬೇಡಿ. ಚುನಾವಣೆಯಲ್ಲಿ ಯಾರು ಗೆಲ್ಲಬೇಕು, ಸಮಿತಿಯಲ್ಲಿ ಯಾರಿರಬೇಕು ಎಂಬುದರಲ್ಲಿ ಅವರದು ಒಬ್ಬ ಮನುಷ್ಯನ ಅಭಿಪ್ರಾಯ. ಜಗದ್ಗುರುಗಳ ತಪ್ಪದ ಬೋಧನೆ ಎಂದು 1870ರಲ್ಲಿ ಮೊದಲನೇ ವ್ಯಾಟಿಕನ್ ಮಹಾಸಭೆ ಸಾರಿದ್ದಕ್ಕೂ ಕಟ್ಟುನಿಟ್ಟಾದ ಮಿತಿಗಳಿವೆ. ಆ ಮೇಲೆ ಅಂಥ ವಿಧ್ಯುಕ್ತ ಘೋಷಣೆಯಾದದ್ದು 1950ರಲ್ಲಿ, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ವಿಷಯದಲ್ಲಿ, ಒಂದೇ ಸಲ. ಪೇತ್ರನು ಅಂತಿಯೋಕ್ಯದಲ್ಲಿ ಅಂಜಿಕೆಯಿಂದ ಅನ್ಯಜನರ ಪಂಕ್ತಿ ಬಿಟ್ಟೆದ್ದಾಗ ಪೌಲನು ಎದುರಿಗೇ ಆಕ್ಷೇಪಿಸಿದ. ಆದರೂ ಪೇತ್ರನನ್ನು ಬಿಟ್ಟು ಬೇರೆ ಸಭೆ ಕಟ್ಟಲಿಲ್ಲ. ಧರ್ಮಸಭೆಯ ಹಿತಕ್ಕೆ ಸಂಬಂಧಿಸಿದ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಎಂದು 1983ರ ಧರ್ಮಸಭೆಯ ಕಾನೂನಿನ 212ನೇ ವಿಧಿಯಲ್ಲಿದೆ. ಗೌರವದಿಂದ ಕೇಳಿ, ಆದರೆ ಕೇಳಿ. ಗುರುವೊಬ್ಬರು ಹಣದಲ್ಲೋ ನಡತೆಯಲ್ಲೋ ಎಡವಿದರೆ ಮುಚ್ಚಿಡುವುದು ವಿಧೇಯತೆಯಲ್ಲ. ಧರ್ಮಾಧ್ಯಕ್ಷರಿಗೆ ತಿಳಿಸಬೇಕು, ಅಪರಾಧವಾಗಿದ್ದರೆ ಪೊಲೀಸರಿಗೂ.

ಈಚೆಗೆ ಇನ್ನೊಂದು ‘ಅಧಿಕಾರ’ ಹುಟ್ಟಿಕೊಂಡಿದೆ, ಕೈಯಲ್ಲಿರುವ ಮೊಬೈಲ್. ಮಾತೆ ಮರಿಯಮ್ಮ ಎಲ್ಲೋ ಕಾಣಿಸಿಕೊಂಡು ಮೂರು ದಿನ ಕತ್ತಲೆಯಾಗುವುದೆಂದರಂತೆ, ಹತ್ತು ಜನಕ್ಕೆ ಕಳುಹಿಸದಿದ್ದರೆ ಕೇಡಾಗುತ್ತದಂತೆ! ಕೊಡೇಕಲ್ಲಿನ ಕಾಲಜ್ಞಾನದ ಸೀಮೆ ನಮ್ಮದು; ನಾಳೆಯನ್ನು ಹೇಳುವವರ ಕಡೆ ಕಿವಿ ಹೋಗುವುದು ಸಹಜ. ಕ್ರಿಸ್ತರಲ್ಲಿ ದೇವರ ಪ್ರಕಟಣೆ ಪೂರ್ಣವಾಯಿತು. ಆಮೇಲಿನ ಯಾವ ದರ್ಶನವೂ ಅದಕ್ಕೆ ಹೊಸದನ್ನು ಸೇರಿಸಲಾರದು. ಧರ್ಮಸಭೆ ಪರೀಕ್ಷಿಸದೆ ಯಾವುದನ್ನೂ ಒಪ್ಪುವುದಿಲ್ಲ, ಒಪ್ಪಿದ್ದನ್ನೂ ನಂಬಲೇಬೇಕೆಂದು ಕಟ್ಟುಮಾಡುವುದಿಲ್ಲ. 2024ರ ಮೇ ತಿಂಗಳಲ್ಲಿ ರೋಮ್ ಈ ಪರೀಕ್ಷೆಗೆ ಹೊಸ ನಿಯಮಗಳನ್ನೇ ಹೊರಡಿಸಿತು. ಹೆದರಿಸುವ ಸಂದೇಶವನ್ನು ಅಳಿಸಿಬಿಡಿ, ಕೇಡೇನೂ ಆಗುವುದಿಲ್ಲ.

ಇನ್ನು ಭೀಮೆಯಲ್ಲಿ ಎರಡನೇ ದೀಕ್ಷಾಸ್ನಾನದ ಮಾತು. ಎಫೆಸಿಯರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯದಲ್ಲಿ ದೀಕ್ಷಾಸ್ನಾನ ಒಂದೇ. ಭಾನುವಾರ ನಾವು ಹೇಳುವ ವಿಶ್ವಾಸ ಪ್ರಮಾಣದಲ್ಲೂ ಒಂದೇ. ನೀರಿನಿಂದ, ತ್ರಿಯೇಕ ದೇವರ ನಾಮದಲ್ಲಿ ಮೆಥೋಡಿಸ್ಟ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದವರು ಮದುವೆಯಾಗಿ ನಮ್ಮ ಧರ್ಮಸಭೆಗೆ ಸೇರಿದರೆ ನಾವು ಅದನ್ನು ಮತ್ತೆ ಕೊಡುವುದಿಲ್ಲ. ಕೃಪೆಯಿಂದ ನೀತಿವಂತರಾಗುವುದರ ಬಗ್ಗೆ ಕಥೋಲಿಕರೂ ಲುಥೆರನ್ನರೂ 1999ರಲ್ಲಿ ಸಹಿ ಹಾಕಿದ ಜಂಟಿ ಘೋಷಣೆಗೆ ಲೋಕದ ಮೆಥೋಡಿಸ್ಟರು 2006ರಲ್ಲಿ ಸೇರಿಕೊಂಡರು. ಬೋಧನಾಧಿಕಾರದ ವಿಷಯದಲ್ಲಿ ಅವರಿಗೂ ನಮಗೂ ಭೇದವಿದೆ. ಅದನ್ನು ಮುಚ್ಚಿಡುವುದು ಬೇಡ, ನೆಂಟರ ಊಟದ ಪಂಕ್ತಿಯಲ್ಲಿ ಜಗಳಕ್ಕೆ ಎಳೆಯುವುದೂ ಬೇಡ.

ಬೆರೋಯದ ಜನ ಪೌಲನ ಬೋಧನೆಯನ್ನು ಆಸಕ್ತಿಯಿಂದ ಕೇಳಿ, ಅದು ಹೌದೋ ಅಲ್ಲವೋ ಎಂದು ದಿನಾಲು ಗ್ರಂಥ ಓದಿ ನೋಡುತ್ತಿದ್ದರು. ಈ ವಾರ ರಾತ್ರಿ ಊಟವಾದ ಮೇಲೆ ಪ್ರೇಷಿತರ ಕಾರ್ಯಕಲಾಪಗಳು 15ನೇ ಅಧ್ಯಾಯವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿರಿ. ಓದು ಬಲ್ಲ ಮಕ್ಕಳ ಕೈಗೆ ಕೊಡಿ. ನಗರದಿಂದ ಮಗ ಬಂದಿದ್ದರೆ ಅವನೇ ಓದಲಿ. ತಿಳಿಯದೆ ಉಳಿದದ್ದನ್ನು ಚೀಟಿಯಲ್ಲಿ ಬರೆದು, ಭಾನುವಾರ ಪೂಜೆಯ ನಂತರ ನಿಮ್ಮ ಗುರುಗಳನ್ನೋ ಉಪದೇಶಿಗಳನ್ನೋ ಕೇಳಿ.