ಮೊದಲು ಉಸಿರು ಎಣಿಸಲು ಕಲಿ

ಪ್ರೀತಿಯ ಕಾವ್ಯಾ,

ತರಬೇತಿಯಲ್ಲಿ ಪಟ್ಟಿಯ ಮೇಲೆ ಪಟ್ಟಿ ಬಾಯಿಪಾಠ ಮಾಡಿಸುತ್ತಿದ್ದಾರೆ, ನಾಳೆ ನಿಜವಾದ ರೋಗಿ ಎದುರಿಗಿದ್ದಾಗ ಎಲ್ಲ ಮರೆತುಹೋದರೆ ಏನು ಗತಿ ಎಂದು ಕೇಳಿದ್ದೀಯ. ಈ ವರ್ಷ ಆಂಬುಲೆನ್ಸ್ ಕೆಲಸಕ್ಕೆ ಸೇರುತ್ತಿರುವ ನಿನ್ನ ಜೊತೆಯವರಿಗೂ ಇದೇ ಭಯವಿದ್ದೀತು. ಅವರೂ ಓದಲಿ ಎಂದು ಉತ್ತರವನ್ನು ಪತ್ರಿಕೆಗೇ ಕಳಿಸುತ್ತಿದ್ದೇನೆ.

ಪಟ್ಟಿ ಬೇಕು, ಅನುಮಾನವಿಲ್ಲ. ಗಾಡಿಯಿಂದ ಇಳಿಯುವ ಮುಂಚೆ ಜಾಗ ನೋಡು. ಕರೆಂಟ್ ತಂತಿ ಬಿದ್ದಿದ್ದರೆ ಲೈನ್‌ಮನ್ ಸಪ್ಲೈ ತೆಗೆಯುವವರೆಗೆ ಹತ್ತಿರ ಹೋಗಬೇಡ. ರೋಗಿಗೆ ಎಚ್ಚರವಿದೆಯೇ, ಶ್ವಾಸದ ದಾರಿ ತೆರೆದಿದೆಯೇ, ರಕ್ತ ಸುರಿಯುತ್ತಿದೆಯೇ ನೋಡು. ಆಮೇಲೆ ನಾಡಿ, ಬಿಪಿ, ಶುಗರ್. ಇವೆಲ್ಲ ಕೆಲವು ತಿಂಗಳಲ್ಲಿ ಕೈಗೆ ಹತ್ತುತ್ತವೆ. ನಾನು ಒತ್ತಿ ಹೇಳುವುದು ಒಂದೇ: ಉಸಿರನ್ನು ಎಣಿಸದೆ ಬರೆಯಬೇಡ.

ಇದನ್ನೇ ಯಾಕೆ ಹೇಳುತ್ತೇನೆ ಅಂದರೆ, ಎಲ್ಲರೂ ಹಾರಿಸುವುದು ಇದನ್ನೇ. ಬಿಪಿಗೆ ಯಂತ್ರವಿದೆ, ಸ್ಯಾಚುರೇಶನ್‌ಗೆ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪಿದೆ. ಉಸಿರಿಗೆ ಗಡಿಯಾರ ನೋಡುತ್ತ ಕೂರಬೇಕು. ಅದಕ್ಕೆ ತಾಳ್ಮೆ ಸಾಲದೆ ಕಾಗದದಲ್ಲಿ 18 ಅಂತಲೋ 20 ಅಂತಲೋ ಗೀಚಿಬಿಡುತ್ತಾರೆ. ಆದರೆ ಮೈ ಸೋಲತೊಡಗಿದ್ದನ್ನು ಬಹಳ ಸಲ ಮೊದಲು ತಿಳಿಸುವುದು ಉಸಿರೇ. ಗಟ್ಟಿಮುಟ್ಟಾದ ಯುವಕನಿಗೆ ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತಿದ್ದರೂ ಸುಮಾರು ಶೇಕಡ 30ರಷ್ಟು ರಕ್ತ ಹೋಗುವವರೆಗೆ ಬಿಪಿ ಇಳಿಯದೆ ನಿಲ್ಲಬಹುದು. ಅಷ್ಟರೊಳಗೆ ನಾಡಿಯೂ ಉಸಿರೂ ಓಡತೊಡಗಿರುತ್ತವೆ. ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋಗಿ ರಕ್ತ ಆಮ್ಲವಾದವರು ಆಳವಾಗಿ, ಬಿರುಸಾಗಿ ಉಸಿರಾಡುತ್ತಾರೆ. ಕ್ಲಿಪ್ ಮಾತ್ರ 98 ತೋರಿಸುತ್ತಿರುತ್ತದೆ. ಆ ಅಂಕಿಯನ್ನು ನಂಬಿ ‘ಗ್ಯಾಸ್ಟ್ರಿಕ್’ ಅಂದುಕೊಂಡರೆ ಕೆಟ್ಟಿತು.

ಸುಮ್ಮನೆ ಕೂತ ದೊಡ್ಡವರಲ್ಲಿ ನಿಮಿಷಕ್ಕೆ 12ರಿಂದ 20. ಮಕ್ಕಳದ್ದು ಬೇರೆ ಲೆಕ್ಕ, ಇದನ್ನು ಮಾತ್ರ ಬಾಯಿಪಾಠವೇ ಮಾಡು: ಎರಡು ತಿಂಗಳೊಳಗಿನ ಕೂಸಿಗೆ 60 ಮುಟ್ಟಿದರೆ, ವರ್ಷದೊಳಗಿನದಕ್ಕೆ 50 ಮುಟ್ಟಿದರೆ, ಐದು ವರ್ಷದೊಳಗಿನದಕ್ಕೆ 40 ಮುಟ್ಟಿದರೆ ಅದು ಜೋರು ಉಸಿರು. ಪೂರ್ತಿ ಒಂದು ನಿಮಿಷ ಎಣಿಸು. ಮಗುವನ್ನು ಅಮ್ಮನ ಮಡಿಲಿನಿಂದ ಎತ್ತಬೇಡ. ಅಂಗಿ ಮೇಲೆ ಸರಿಸಿ ಹೊಟ್ಟೆ ನೋಡು. ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಎಳೆಯುತ್ತಿದ್ದರೆ ಎಣಿಕೆ ಎಷ್ಟೇ ಇರಲಿ, ಗಾಡಿ ಹೊರಡಲಿ. ಅಳುವ ಮಗುವಿನ ಲೆಕ್ಕ ಸಿಗದು, ಸಮಾಧಾನವಾಗುವವರೆಗೆ ಕಾಯಬೇಕು.

ದೊಡ್ಡವರಿಗೆ ‘ಉಸಿರು ನೋಡ್ತೀನಿ’ ಅಂದರೆ ಉಸಿರಾಟವೇ ಬದಲಾಗುತ್ತದೆ. ಹಾಗಾಗಿ ನಾಡಿ ಹಿಡಿದಂತೆಯೇ ಮಣಿಕಟ್ಟು ಹಿಡಿದುಕೊಂಡಿರು, ಕಣ್ಣು ಎದೆಯ ಮೇಲಿರಲಿ. ಹೆಂಗಸರಾದರೆ ಸೆರಗಿನ ಏರಿಳಿತವೇ ಸಾಕು. ಮಾತಾಡಿಸು. ಒಂದು ವಾಕ್ಯ ಮುಗಿಸಲು ಮೂರು ಸಲ ನಿಲ್ಲುತ್ತಿದ್ದರೆ ಯಂತ್ರ ತೆಗೆಯುವ ಮೊದಲೇ ನಿನಗೆ ಉತ್ತರ ಸಿಕ್ಕಿದೆ.

ಕಟ್ಟುಹಾವಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹಳ್ಳಿಯ ಕಡೆ ನಿನಗೆ ಇದು ಬಂದೇ ಬರುತ್ತದೆ. ರಾತ್ರಿ ನೆಲದ ಮೇಲೆ ಮಲಗಿದವರಿಗೆ ಕಚ್ಚುತ್ತದೆ. ನೋವಿಲ್ಲ, ಊತವಿಲ್ಲ, ಹಲ್ಲಿನ ಗುರುತೂ ಕೆಲವೊಮ್ಮೆ ಕಾಣದು. ಬೆಳಗಿನ ಜಾವ ಹೊಟ್ಟೆನೋವು ಅನ್ನುತ್ತಾರೆ, ರೆಪ್ಪೆ ಜೋತುಬೀಳುತ್ತದೆ, ಎಂಜಲು ನುಂಗಲಾಗದು. ಆಗ ಒಂದೇ ಉಸಿರಿಗೆ ಒಂದು, ಎರಡು, ಮೂರು ಎಂದು ಗಟ್ಟಿಯಾಗಿ ಎಣಿಸಲು ಹೇಳು. ದಿಂಬಿನಿಂದ ತಲೆ ಎತ್ತಲು ಹೇಳು. ಹೊರಟಾಗ ಮೂವತ್ತರವರೆಗೆ ಎಣಿಸಿದವರು ಅರ್ಧ ದಾರಿಯಲ್ಲಿ ಹದಿನೈದಕ್ಕೇ ನಿಂತರೆ ಉಸಿರಾಟದ ಸ್ನಾಯು ಸೋಲುತ್ತಿದೆ ಎಂದರ್ಥ. ಆಂಬು ಬ್ಯಾಗ್ ಕೈಗೆ ತಗೋ, ವೆಂಟಿಲೇಟರ್ ಸಿದ್ಧವಿಡಿ ಎಂದು ಆಸ್ಪತ್ರೆಗೆ ಫೋನ್ ಮಾಡಿಸು. ಈ ಪರೀಕ್ಷೆಗೆ ಬಿಡಿಗಾಸಿನ ಖರ್ಚಿಲ್ಲ.

ಇನ್ನೊಂದು. ಕುಸಿದುಬಿದ್ದವರು ಬಾಯಿ ತೆರೆದು ನಿಧಾನವಾಗಿ ಮೇಲುಸಿರು ಬಿಡುತ್ತಿದ್ದರೆ ಮನೆಯವರು ‘ಉಸಿರಿದೆ ಉಸಿರಿದೆ’ ಎನ್ನುತ್ತಾರೆ. ಎಚ್ಚರವಿಲ್ಲ, ಕತ್ತಿನ ನಾಡಿ ಸಿಗುತ್ತಿಲ್ಲ ಅಂದರೆ ಅದು ಉಸಿರಾಟವಲ್ಲ. ಅವರ ಮಾತಿಗೆ ಕಾಯದೆ ಎದೆ ಒತ್ತಲು ಶುರುಮಾಡು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ.

2008ರ ನವೆಂಬರ್‌ನಲ್ಲಿ ನಮ್ಮ ರಾಜ್ಯಕ್ಕೆ 108 ‘ಆರೋಗ್ಯ ಕವಚ’ ಬರುವ ಮುಂಚೆ ನಮ್ಮ ಹಳ್ಳಿಗಳಲ್ಲಿ ಸಿಕ್ಕ ಟೆಂಪೋದಲ್ಲೋ ಜೀಪಿನಲ್ಲೋ ರೋಗಿಯನ್ನು ಮಲಗಿಸಿಕೊಂಡು ಓಡುತ್ತಿದ್ದೆವು. ದಾರಿಯಲ್ಲಿ ಏನಾಯಿತೆಂದು ಡಾಕ್ಟರಿಗೆ ಹೇಳುವವರಿರಲಿಲ್ಲ. ಈಗ ಪೈಲಟ್ ಗಾಡಿ ಓಡಿಸುವಾಗ ಹಿಂದೆ ನೀನಿರುತ್ತೀಯ. ಒಂದು ಸಲ ನೋಡಿ ಮುಗಿಸಬೇಡ. ಸ್ಥಿತಿ ಗಂಭೀರವಿದ್ದರೆ ಐದು ನಿಮಿಷಕ್ಕೊಮ್ಮೆ, ಇಲ್ಲದಿದ್ದರೆ ಹದಿನೈದು ನಿಮಿಷಕ್ಕೊಮ್ಮೆ ಮತ್ತೆ ಎಣಿಸಿ ಸಮಯದ ಸಮೇತ ಬರೆ. ಕ್ಯಾಶುವಾಲ್ಟಿಯಲ್ಲಿ ‘ಉಸಿರಾಟ ಜಾಸ್ತಿ ಇದೆ ಸರ್’ ಎನ್ನಬೇಡ. ‘ಮನೆಯಲ್ಲಿ 22 ಇತ್ತು, ಈಗ 34’ ಅನ್ನು. ಕೇಳಿದವರು ಎದ್ದು ಬರುತ್ತಾರೆ.

ರಜೆಗೆ ಬರುವಷ್ಟರಲ್ಲಿ ಹಾಸ್ಟೆಲಿನಲ್ಲಿ, ಬಸ್ಸಿನಲ್ಲಿ ಕಂಡ ಆರೋಗ್ಯವಂತರ ಉಸಿರು ಎಣಿಸಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡು. ಸರಿಯಾದದ್ದು ಕಣ್ಣಿಗೆ ಒಗ್ಗಿದ ಮೇಲೆ ತಪ್ಪಿದ್ದು ಬಾಗಿಲಲ್ಲೇ ಕಾಣುತ್ತದೆ. ಆ ಪುಸ್ತಕ ತಾ, ಇಬ್ಬರೂ ಕೂತು ನೋಡೋಣ.

ನಿನ್ನ ದೊಡ್ಡಪ್ಪ