ಹಳೆಯ ಆಟಕ್ಕೆ ಹಳೆಯ ವೇಗ

ಪುಟ್ಟಾ, ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಕೊಂಡ ಮೇಲೆ ‘ಪ್ರಿನ್ಸ್ ಆಫ್ ಪರ್ಷಿಯಾ’ ನಡೀತಿಲ್ಲ, ಮತ್ತೆ ವಿಂಡೋಸ್‌ಗೇ ಹೋಗಿಬಿಡಲಾ ಮಾವ ಅಂತ ಕೇಳಿದೆಯಲ್ಲ, ಬೇಡ ಕಣೋ. ಅಲ್ಲಿ ಹೋದರೂ ಅದು ನಡೆಯುವುದಿಲ್ಲ. ನಿನ್ನ ಹತ್ತಿರ ಇರುವುದು 1990ರ ಡಾಸ್ ಆಟ, 16 ಬಿಟ್‌ನದು. ಈಗಿನ 64 ಬಿಟ್ ವಿಂಡೋಸ್ ಅದನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ. ಅಲ್ಲೂ ಡಾಸ್‌ಬಾಕ್ಸ್ ಬೇಕು, ಇಲ್ಲೂ ಅದೇ ಬೇಕು.

ಡಾಸ್‌ಬಾಕ್ಸ್ 2002ರಿಂದ ಉಚಿತವಾಗಿ ಸಿಗುತ್ತಿದೆ. ಹಳೆಯ ಪ್ರೊಸೆಸರ್, ವಿಜಿಎ ಪರದೆ, ಸೌಂಡ್ ಬ್ಲಾಸ್ಟರ್ ಕಾರ್ಡ್ ಎಲ್ಲವನ್ನೂ ಸಾಫ್ಟ್‌ವೇರಿನಲ್ಲೇ ಕಟ್ಟಿಕೊಡುತ್ತದೆ. ನಿನ್ನ ಲಿನಕ್ಸಿನ ಸಾಫ್ಟ್‌ವೇರ್ ಭಂಡಾರದಿಂದಲೇ ಹಾಕಿಕೋ. ಆಟದ ಫೈಲುಗಳಿಗೆ ಪ್ರತ್ಯೇಕ ಫೋಲ್ಡರ್ ಮಾಡು. ಹೆಸರು ಎಂಟಕ್ಷರ ಮೀರದಿರಲಿ, ನಡುವೆ ಜಾಗ ಬೇಡ. ಡಾಸ್ ಕಾಲದ ಕಟ್ಟುಪಾಡು ಅದು. ‘ಮೌಂಟ್’ ಕಮಾಂಡ್ ಕೊಟ್ಟು ಆ ಫೋಲ್ಡರನ್ನಷ್ಟೇ ಸಿ ಡ್ರೈವ್ ಮಾಡು, ಇಡೀ ಹೋಮ್ ಫೋಲ್ಡರನ್ನಲ್ಲ.

ಆಟ ತೆರೆದುಕೊಂಡ ಮೇಲೂ ಒಂದು ಕೆಲಸ ಉಳಿದಿರುತ್ತದೆ, ವೇಗ ಹೊಂದಿಸುವುದು. ನಾನು ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದಾಗ ಹಳೆಯ ಯಂತ್ರದಲ್ಲಿ ಒಂದು ಕಾರ್ ಆಟ ಆಡುತ್ತಿದ್ದೆವು. ಹೊಸ ಪೆಂಟಿಯಂ ಬಂದ ದಿನ ಅದೇ ಆಟ ಹಾಕಿದರೆ, ಬೆರಳು ಕೀಲಿಗೆ ತಾಗುವಷ್ಟರಲ್ಲಿ ಕಾರು ಗೋಡೆಗೆ ಬಡಿದಿತ್ತು. ಅಂದಿನ ಎಷ್ಟೋ ಆಟಗಳು ಪ್ರೊಸೆಸರಿನ ವೇಗವನ್ನೇ ಗಡಿಯಾರ ಎಂದು ನಂಬಿಕೊಂಡಿದ್ದವು. ಡಾಸ್‌ಬಾಕ್ಸಿನಲ್ಲಿ ಈ ವೇಗಕ್ಕೆ ‘ಸೈಕಲ್ಸ್’ ಅಂತಾರೆ. 3000ದಿಂದ ಶುರುಮಾಡು. ಕಂಟ್ರೋಲ್ ಜೊತೆ ಎಫ್11 ಒತ್ತಿದರೆ ನಿಧಾನ, ಎಫ್12 ಒತ್ತಿದರೆ ಜೋರು. ಕಿವಿಗೊಟ್ಟು, ಕಣ್ಣಿಟ್ಟು, ಸ್ವಲ್ಪ ಸ್ವಲ್ಪವೇ ಹೊಂದಿಸು. ಪ್ರಿನ್ಸ್ ಮಾಡಿದ ಜೋರ್ಡನ್ ಮೆಕ್ನರ್ ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೊ ತೆಗೆದು, ಅದನ್ನು ಒಂದೊಂದೇ ಫ್ರೇಮ್ ನೋಡಿಕೊಂಡು ಬಿಡಿಸಿದವರು. ಅಂಚಿನಲ್ಲಿ ಜೋತುಬಿದ್ದ ರಾಜಕುಮಾರ ಮೈಯ ಭಾರವನ್ನೆಲ್ಲ ಎಳೆದುಕೊಂಡು ಮೇಲೇಳುತ್ತಾನಲ್ಲ, ಸೈಕಲ್ಸ್ ಸಾಲದಿದ್ದರೆ ಆ ಸೊಗಸೆಲ್ಲ ಕುಂಟುತ್ತದೆ.

ವಿಂಡೋಸ್ ಕಾಲದ ಆಟಗಳಿಗೆ ವೈನ್ ಎಂಬ ಸಾಫ್ಟ್‌ವೇರ್ ಇದೆ, 1993ರಿಂದ. ಒಂದೊಂದು ಆಟಕ್ಕೂ ಬೇರೆ ಬೇರೆ ಪ್ರಿಫಿಕ್ಸ್, ಅಂದರೆ ವೈನ್ ಫೈಲುಗಳನ್ನಿಡುವ ಫೋಲ್ಡರ್, ಮಾಡಿಕೋ. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತದೆ. ಸುಡೊ ಕೊಟ್ಟು ವೈನ್ ಓಡಿಸಬೇಡ. ‘ಫುಲ್ ವರ್ಶನ್ ಫ್ರೀ’ ಅಂತ ಎಲ್ಲೋ ಸಿಕ್ಕಿದ್ದನ್ನು ಇಳಿಸಿಕೊಳ್ಳಲೂ ಬೇಡ. ಲಿನಕ್ಸಿಗೆ ವೈರಸ್ ಬರೋದಿಲ್ಲ ಅಂತ ಧೈರ್ಯವಾಗಿರುತ್ತೀಯ, ಆದರೆ ವೈನ್ ಸಾಮಾನ್ಯವಾಗಿ ನಿನ್ನ ಇಡೀ ಡಿಸ್ಕನ್ನು ಝಡ್ ಡ್ರೈವ್ ಎಂದು ತೆರೆದಿಡುತ್ತದೆ. ಒಳಗೆ ಬಂದದ್ದು ನಿನ್ನ ಫೋಟೊಗಳನ್ನೂ ಮುಟ್ಟಬಹುದು. ಕಾಸು ಕೊಡದೆ ಆಡಬೇಕಾದರೆ ನೇರ ದಾರಿಗಳೇ ಇವೆ: ‘ಡೂಮ್’ನ ಸೋರ್ಸ್ ಕೋಡನ್ನು 1997ರಲ್ಲೇ ಬಿಟ್ಟುಕೊಟ್ಟರು, ಅದರ ಶೇರ್‌ವೇರ್ ಭಾಗ ಉಚಿತ. ‘ಬಿನೀತ್ ಎ ಸ್ಟೀಲ್ ಸ್ಕೈ’ ಆಟವನ್ನು 2003ರಿಂದ ಉಚಿತ ಮಾಡಿದ್ದಾರೆ. ಅದನ್ನಾಡಲು ಸ್ಕಮ್‌ವಿಎಂ ಎಂಬ ಸಾಫ್ಟ್‌ವೇರ್ ಹಾಕಿದರೆ ಸಾಕು.

ಇನ್ನೊಂದು ಮಾತು. ಪ್ರಿನ್ಸ್‌ನ ಮೊದಲ ಆವೃತ್ತಿಯ ಸೋರ್ಸ್ ಕೋಡ್ ಕಳೆದೇಹೋಯಿತು ಎಂದುಕೊಂಡಿದ್ದರು ಮೆಕ್ನರ್. 2012ರಲ್ಲಿ ಅವರ ಅಪ್ಪನಿಗೆ ಹಳೆಯ ಫ್ಲಾಪಿಗಳು ಸಿಕ್ಕಿ, ಅದು ಉಳಿಯಿತು. ನಿಮ್ಮಪ್ಪನ ಕಪಾಟಿನಲ್ಲೂ ಫ್ಲಾಪಿ ಡಬ್ಬಿ ಇದೆ, ನಾನೇ ನೋಡಿದ್ದೇನೆ. ಫ್ಲಾಪಿಯ ಕಾಂತಪದರ ವರ್ಷವರ್ಷಕ್ಕೂ ಸೊರಗುತ್ತದೆ. ಈ ಭಾನುವಾರ ಯುಎಸ್‌ಬಿ ಫ್ಲಾಪಿ ಡ್ರೈವ್ ತರುತ್ತೇನೆ, ಡಬ್ಬಿ ಇಳಿಸಿಟ್ಟಿರು.