ದನಿಗೂ ಮುಖವಿದೆ

ಹಟ್ಟಿಯ ಜಗಲಿಯ ಮೇಲೆ ಪುಟ್ಟ ಸ್ಪೀಕರ್ ಇಟ್ಟು ಹನ್ನೆರಡು ನಿಮಿಷದ ನನ್ನ ಮೊದಲ ಧ್ವನಿಕಥನವನ್ನು ಹಾಕಿದ್ದೆ. ಮಾತಾಡಿದವಳ ಹೆಸರು ಹೇಳಿರಲಿಲ್ಲ, ಊರು ಹೇಳಿರಲಿಲ್ಲ. ಎರಡನೇ ಮಾತು ಮುಗಿಯುವಷ್ಟರಲ್ಲಿ ಅಜ್ಜಿಯೊಬ್ಬರು, "ಇದು ಆಚೆ ಹಟ್ಟಿ ಮೂಲೆಮನೆ ಸೊಸೆ ಅಲ್ವೇನೇ?" ಎಂದುಬಿಟ್ಟರು. ನನ್ನ ಎದೆ ಧಸಕ್ಕೆಂದಿತು. ಸಂಜೆಯೊಳಗೆ ಸುದ್ದಿ ಅವಳ ಅತ್ತೆಯ ಕಿವಿ ಮುಟ್ಟಿತ್ತು. ಒಂದು ವರ್ಷ ಅವಳು ನನ್ನೊಡನೆ ಮಾತು ಬಿಟ್ಟಳು.

ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರ ನನ್ನೂರು. ತೆಂಗಿನ ತೋಟಗಳನ್ನು ದಾಟಿದರೆ ಗೊಲ್ಲರಹಟ್ಟಿಗಳು ಸಿಗುತ್ತವೆ. ಮುಟ್ಟಾದವರನ್ನೂ ಬಾಣಂತಿಯರನ್ನೂ ಹಟ್ಟಿಯಾಚೆ ಇರಿಸುವ ಪದ್ಧತಿ ಕಾಡುಗೊಲ್ಲರಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಹಾಗೆ ಬಲವಂತವಾಗಿ ಹೊರಗಿಡುವುದು ಅಪರಾಧವೆಂದು ರಾಜ್ಯದ 2017ರ ಮೌಢ್ಯ ನಿಷೇಧ ಕಾಯ್ದೆ ಹೇಳುತ್ತದೆ. ಅದು ಜಾರಿಗೆ ಬಂದದ್ದು 2020ರಲ್ಲಿ. ಕಾನೂನಿನ ಮಾತು ಹಟ್ಟಿಗೆ ಬಂದಿತ್ತು. ಹೊರಗೆ ಕೂತವಳ ಮಾತು ಒಳಗೆ ಬರಲಿ ಎಂಬುದು ನನ್ನ ಆಸೆ.

ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿಯದೆಯೇ ಸಾವಿರಾರು ಹಾಡುಗಳನ್ನು ನೆನಪಿನಲ್ಲಿ ಇಟ್ಟುಕೊಂಡಿದ್ದರು. ಕಿವಿಯಿಂದ ಕಿವಿಗೆ ತಮ್ಮ ವೀರ ಜುಂಜಪ್ಪನ ಕಥೆಯನ್ನು ಉಳಿಸಿಕೊಂಡು ಬಂದ ಜನ ಈ ಕಾಡುಗೊಲ್ಲರು. ಒಂದು ಕೆಮ್ಮು ಕೇಳಿದರೆ ಸಾಕು, ಯಾರೆಂದು ಹೇಳುತ್ತಾರೆ. ಇಂಥವರ ನಡುವೆ ಹೆಸರು ಮುಚ್ಚಿಟ್ಟರೆ ಸಾಕೆಂದು ನಾನು ನಂಬಿದ್ದು ದೊಡ್ಡ ತಪ್ಪು.

ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1967ರಲ್ಲಿ ರೇಡಿಯೊಗೆಂದು 'ದಿ ಐಡಿಯಾ ಆಫ್ ನಾರ್ತ್' ಮಾಡಿದಾಗ ಹಲವರ ಮಾತನ್ನು ಒಂದರ ಮೇಲೊಂದು ಹೆಣೆದರು. ಅದನ್ನು ಕೇಳಿದಾಗ ನನಗೆ ನೆನಪಾದದ್ದು ನಲ್ಲಿಯ ಹತ್ತಿರ ಹೆಂಗಸರೆಲ್ಲ ಒಟ್ಟಿಗೆ ಮಾತಾಡುವ ಹೊತ್ತು. ಅಲ್ಲಿ ಯಾರ ಮಾತು ಯಾರದೆಂದು ತಿಳಿಯುವುದಿಲ್ಲ, ವಿಷಯ ಮಾತ್ರ ತಿಳಿಯುತ್ತದೆ. ಹಾಗೇ ಮಾಡಿದೆ. "ನಾನು ಹೊರಗಾಗಿದೀನಿ" ಎಂಬ ಒಂದೇ ಮಾತನ್ನು ಹದಿನಾಲ್ಕು ಮಂದಿಯಿಂದ ಹೇಳಿಸಿ ಒಂದರೊಳಗೊಂದು ಸೇರಿಸಿದೆ.

ಆದರೆ ಕೆಲಸ ನಿಜವಾಗಿ ತಿರುಗಿದ್ದು ಮೈಕನ್ನು ಇಡುವ ಜಾಗ ಬದಲಿಸಿದಾಗ. ಅದುವರೆಗೆ ಬಾಯಿಯ ಎದುರು ಹಿಡಿಯುತ್ತಿದ್ದೆ. ಒಂದು ರಾತ್ರಿ, ಹೊರಗೆ ಕೂತವಳೊಬ್ಬಳ ಒಪ್ಪಿಗೆ ಪಡೆದು ಹಟ್ಟಿಯಾಚೆಯ ಗುಡಿಸಲೊಳಗೆ ಅವಳ ಜೊತೆ ಮಲಗಿ, ಮೊಬೈಲಿಗೆ ಹತ್ತಿಬಟ್ಟೆ ಸುತ್ತಿ ತಲೆದೆಸೆಯಲ್ಲಿ ಇಟ್ಟೆ. ಬೆಳಿಗ್ಗೆ ಕೇಳಿದರೆ, ಅವಳದೇ ಮನೆಯ ಟಿವಿ ಧಾರಾವಾಹಿ ದೂರದಿಂದ. ಮೋಟರಿನ ಗುಂಯ್‌ಗಾಟ. ತೆಂಗಿನ ಗರಿಗೆ ಗಾಳಿ ಬಡಿದು ಮಳೆ ಬಂತೇನೋ ಅನ್ನಿಸುವ ಸದ್ದು. ಮತ್ತೆ ಊಟದ ತಟ್ಟೆ. ಅದನ್ನು ಕೈಗೆ ಕೊಡುವುದಿಲ್ಲ, ನೆಲದ ಮೇಲಿಟ್ಟು ತಳ್ಳುತ್ತಾರೆ. ಅಲ್ಯೂಮಿನಿಯಂ ಕಲ್ಲಿಗೆ ಉಜ್ಜಿ ಕರ್ರೆಂದು ಮೂರು ಗೇಣು ಜರುಗಿ ನಿಲ್ಲುತ್ತದೆ. ಆಮೇಲೆ ಮಗುವಿನ ಅಳು, "ಅಮ್ಮನ್ನ ಮುಟ್ಟಬಾರ್ದು ಬಾ" ಎಂಬ ಕರೆ. ಈ ಸದ್ದುಗಳನ್ನೇ ನಾನು ಮೊದಲ ಸಲ ಗಲಾಟೆಯೆಂದು ಕತ್ತರಿಸಿ ಎಸೆದಿದ್ದೆ!

ಹೊಸ ಕೃತಿ ಒಂಬತ್ತು ನಿಮಿಷ. ಮೊದಲು ಕೇಳಿದವರು ಆ ಹದಿನಾಲ್ಕು ಮಂದಿ. ಇಬ್ಬರು ತಮ್ಮ ದನಿ ಬೇಡವೆಂದರು, ತೆಗೆದೆ. ಮಗುವಿನ ಅಳು ಇಟ್ಟದ್ದೂ ಅದರ ತಾಯಿ ಹೂಂ ಎಂದ ಮೇಲೆಯೇ. ಆನಂತರವಷ್ಟೇ ಅದೇ ಜಗಲಿಯಲ್ಲಿ ಕೇಳಿಸಿದೆವು. ತಟ್ಟೆಯ ಸದ್ದು ಬಂದಾಗ ಇದು ಯಾರೆಂದು ಯಾರೂ ಕೇಳಲಿಲ್ಲ. ಆ ಸದ್ದು ಎಲ್ಲರ ಮನೆಯದೂ ಆಗಿತ್ತು. ಪದ್ಧತಿ ಅಂದೇ ನಿಂತಿತೆಂದು ನಾನು ಹೇಳಲಾರೆ, ನಿಂತಿಲ್ಲ. ಗಂಡಸೊಬ್ಬರು ಮಾತ್ರ ಇನ್ನೊಮ್ಮೆ ಹಾಕಲು ಹೇಳಿ, ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದರು.

ಹಳ್ಳಿಗಳಲ್ಲಿ ಧ್ವನಿ ಹಿಡಿಯುವ ಗೆಳೆಯರಲ್ಲಿ ನನ್ನದೊಂದೇ ಕೋರಿಕೆ: ಮಾತಾಡಿದವರಿಗೇ ಮೊದಲು ಕೇಳಿಸಿ, ಅವರು ಬೇಡವೆಂದರೆ ಕಾರಣ ಕೇಳಬೇಡಿ. ನನ್ನ ಆ ಹಳೆಯ ಹನ್ನೆರಡು ನಿಮಿಷವನ್ನು ಮೂಲೆಮನೆಯ ಅವಳೆದುರಿಗೇ ಅಳಿಸಿದೆ. ಪ್ರತಿ ಉಳಿಸಿಕೊಂಡಿಲ್ಲ.